ಪುಲಿಗೆರೆಯ ಕಂಬ, ಗದಗಿನ ವಖಾರ

ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆದದ್ದಕ್ಕೂ ಶಾಸನ ಎನ್ನುತ್ತೇವೆ, ವಿಧಾನಮಂಡಲದಲ್ಲಿ ಕೈ ಎತ್ತಿ ಒಪ್ಪಿದ್ದಕ್ಕೂ ಶಾಸನ ಎನ್ನುತ್ತೇವೆ. ಮೊದಲನೆಯದನ್ನು ಓದಲು ಎಂ.ಎ. ತರಗತಿಯಲ್ಲಿ ಒಂದು ಪತ್ರಿಕೆಯೇ ಇದೆ. ಲಿಪಿ, ಭಾಷೆ, ಛಂದಸ್ಸು, ಶಾಪಾಶಯ ಎಂದು ಅದನ್ನು ತಿರುವಿ ಮುರುವಿ ನೋಡುತ್ತೇವೆ. ಎರಡನೆಯದನ್ನು ಮಾತ್ರ ವಕೀಲರಿಗೂ ವರದಿಗಾರರಿಗೂ ಬಿಟ್ಟುಕೊಟ್ಟು ಕುಳಿತಿದ್ದೇವೆ. ಅದೂ ಕನ್ನಡದ ಗದ್ಯವೇ ತಾನೆ? ಅದರಲ್ಲೂ ಕರ್ತೃ, ಕರ್ಮ, ಕ್ರಿಯಾಪದಗಳಿವೆ; ಯಾರನ್ನು ಹೆಸರಿಸಬೇಕು, ಯಾರನ್ನು ಹೆಸರಿಸಬಾರದು ಎಂಬ ಲೆಕ್ಕಾಚಾರವಿದೆ. ಒಂದು ಊರಿನ ನೆಲ ಯಾರ ಕೈಯಲ್ಲಿರಬೇಕು ಎಂದು ತೀರ್ಮಾನಿಸುವ ಗದ್ಯವನ್ನು ಸಾಹಿತ್ಯದ ವಿದ್ಯಾರ್ಥಿ ಓದದೆ ಬಿಟ್ಟರೆ ಓದುವವರು ಕಡಿಮೆಯಾಗುತ್ತಾರೆ, ಅಷ್ಟೆ. ಬರೆಯುವವರಿಗೆ ಅದರಿಂದ ನಷ್ಟವೇನೂ ಇಲ್ಲ.

ಈ ಮಾತು ಹೊಳೆದದ್ದು ಒಂದು ವಿಧೇಯಕದ ಹೆಸರು ಕಿವಿಗೆ ಬಿದ್ದಾಗ. ‘ಗದಗ-ಬೆಟಗೇರಿ ವ್ಯಾಪಾರ, ಸಂಸ್ಕೃತಿ ಮತ್ತು ವಸ್ತುಪ್ರದರ್ಶನ ಪ್ರಾಧಿಕಾರ.’ ಉಸಿರು ಹಿಡಿದು ಓದಬೇಕಾದಷ್ಟು ಉದ್ದ. ಇದರ ಹಿಂದಿರುವ ನೆಲವನ್ನು ಗದಗಿನವರು ಒಂದೇ ಮಾತಿನಲ್ಲಿ ಹೇಳುತ್ತಾರೆ: ವಖಾರ ಸಾಲು. ಹತ್ತಿ ಪೇಟೆ ಭರ್ಜರಿಯಾಗಿದ್ದ ಕಾಲದಲ್ಲಿ ವರ್ತಕರಿಗೆ ಲೀಸಿಗೆ ಕೊಟ್ಟಿದ್ದ, ಊರ ನಡುವಿನ, ನಗರಸಭೆಯ ಜಾಗ. 54 ವಖಾರ ಎಂದು ಲೆಕ್ಕ. ಕಾಲ ಸರಿದಂತೆ ಅರಳೆ ಹೋಗಿ ಅಂಗಡಿಗಳು ಬಂದವು, ಕೆಲವೆಡೆ ಮನೆಗಳೂ ಎದ್ದವು. ಲೀಸಿನ ಗಡುವು ಮುಗಿದರೂ ಕೂತವರು ಕೂತೇ ಇದ್ದರು. ಕಾಗದ, ಕೋರ್ಟು, ನೋಟಿಸು ಎಲ್ಲ ಆಗಿ ಕೆಲವು ವರ್ಷಗಳ ಹಿಂದೆ ಜೆಸಿಬಿ ಬಂದು ತೆರವು ಮಾಡಿತು. ಆ ನೆಲವನ್ನು ಸರ್ಕಾರ ರಚಿಸುವ ಪ್ರಾಧಿಕಾರದ ಕೈಗೆ ಕೊಟ್ಟು, ಅಲ್ಲಿ ವ್ಯಾಪಾರ, ಕಲೆ, ಪ್ರದರ್ಶನಗಳಿಗೆ ಒಂದು ಹೊಸ ಪ್ರದೇಶ ಕಟ್ಟಬೇಕು ಎಂಬುದು ವಿಧೇಯಕದ ತಿರುಳು.

ತಕರಾರು ತೆಗೆಯುವ ಮೊದಲು ‘ವಖಾರ’ ಎಂಬ ಪದವನ್ನು ಸ್ವಲ್ಪ ನೋಡೋಣ. ಮರಾಠಿಯಿಂದ ನಮ್ಮ ಕಡೆ ಬಂದ ಮಾತು ಇದು. ಸೂರತ್ತಿನಲ್ಲಿ ಇಂಗ್ಲಿಷರು ತೆರೆದ ವ್ಯಾಪಾರದ ಕೋಠಿಯನ್ನೂ ಮರಾಠಿ ಚರಿತ್ರೆಕಾರರು ವಖಾರ ಎಂದೇ ಕರೆಯುತ್ತಾರೆ. ಮಾಲು ಇಡುವ ಜಾಗ, ಮಾಲು ತೂಗುವ ಜಾಗ, ಸಾಲ ಬರೆಯುವ ಜಾಗ, ಕಡೆಗೆ ದರ ಕಟ್ಟುವ ಜಾಗ. ಇದೆಲ್ಲ ಆ ಪದದೊಳಗೆ ಇದೆ. ‘ಗೋದಾಮು’ ಎಂದರೆ ಬರೀ ನಾಲ್ಕು ಗೋಡೆ. ನಮ್ಮ ಎರೆ ಸೀಮೆಯ ‘ಹಗೇವು’ ಇನ್ನೊಂದು ತೆರ, ರೈತ ತನ್ನ ಜೋಳವನ್ನು ತನ್ನ ನೆಲದೊಳಗೇ ಬಚ್ಚಿಡುವ ಗುಂಡಿ. ಹಗೇವಿನಲ್ಲಿದ್ದದ್ದು ಮನೆಗೆ, ವಖಾರದಲ್ಲಿದ್ದದ್ದು ಹೊರದೇಶಕ್ಕೆ. ಗದಗ ಸೀಮೆಯ ನಾಡಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದ ಕಾರಣಕ್ಕೆ ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ’ ಆಯಿತು. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. 1880ರ ದಶಕದಲ್ಲಿ ಹೊಟಗಿಯಿಂದ ಗದಗಿಗೆ ರೈಲು ಬಂತು. ಚಕ್ಕಡಿ, ಅಂಡಗಿ, ಹಮಾಲ, ದಲಾಲ, ಅಡತಿ ಅಂಗಡಿ ಎಲ್ಲ ಸೇರಿ ಗದಗ ಒಂದು ಪೇಟೆಯಾಯಿತು. ನಗರಸಭೆಯ ಆ ಹಳೆಯ ಲೀಸಿನ ಜಾಗಕ್ಕೆ ಇಷ್ಟು ಬೆನ್ನೆಲುಬಿದೆ.

ಈಗ ವಿಧೇಯಕದ ಹೆಸರಿಗೆ ಬರುತ್ತೇನೆ. ವ್ಯಾಪಾರ ಒಂದು ಕಡೆ, ವಸ್ತುಪ್ರದರ್ಶನ ಇನ್ನೊಂದು ಕಡೆ, ನಡುವೆ ಸಿಕ್ಕಿಕೊಂಡ ಸಂಸ್ಕೃತಿ. ಸಾಹಿತ್ಯದವರಿಗೆ ಇದನ್ನು ನೋಡಿ ನಗುವುದು ಸುಲಭ. ನಾನು ನಗುವುದಿಲ್ಲ. ಗದಗಿನ ಮಟ್ಟಿಗೆ ಈ ಜೋಡಣೆ ಚರಿತ್ರೆಗೆ ಬಹಳ ಹತ್ತಿರವಾಗಿದೆ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗೆ ಗದಗು ತವರಾದದ್ದು ಈ ಪೇಟೆ ಇದ್ದದ್ದರಿಂದ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗಲೇ ಕಂಪನಿ ನಾಟಕಗಳ ಡೇರೆ ಏಳುತ್ತಿದ್ದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಕಡೆಗೆ ಗದಗಿನಲ್ಲಿ ನೆಲೆ ನಿಂತರು. ಪುಟ್ಟರಾಜ ಗವಾಯಿಗಳ ಕಾಲದಲ್ಲಿ ವೀರೇಶ್ವರ ಪುಣ್ಯಾಶ್ರಮ ಸಂಗೀತದ ಮಹಾಮನೆಯಾಗಿ ಬೆಳೆಯಿತು. ಜಾಗ ಕೊಟ್ಟವರು, ಕಾಳು ಕೊಟ್ಟವರು, ಊಟ ಹಾಕಿದವರು ಇದೇ ಪೇಟೆಯ ಜನ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ನಾಡಗೀತೆಯಾಗಿ ಮೊಳಗಿದ ಹಾಡನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡುತ್ತಿದ್ದವರು. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದೂ ಪೇಟೆಯ ಸಾಲದ ಬಾಧೆಗೆ ಕಂಡುಕೊಂಡ ಉತ್ತರವೇ. (ಒಂದು ಸಣ್ಣ ಮಾತು: ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಇದಲ್ಲ, ಅದು ಗೋಕಾಕ ತಾಲೂಕಿನದು. ಸಭೆಗಳಲ್ಲಿ ಪ್ರತಿ ಸಲ ಯಾರಾದರೊಬ್ಬರು ಈ ನೇಕಾರರ ಬೆಟಗೇರಿಗೆ ಅವರನ್ನು ತಂದು ಕೂರಿಸುತ್ತಾರೆ.)

ಹಾಗಾಗಿ ವ್ಯಾಪಾರಕ್ಕೂ ಸಂಸ್ಕೃತಿಗೂ ಏನು ಸಂಬಂಧ ಎಂದು ನಾನು ಕೇಳುವುದಿಲ್ಲ. ನನ್ನ ಪ್ರಶ್ನೆ ನಾಲ್ಕನೆಯ ಪದದ ಮೇಲೆ, ‘ಪ್ರಾಧಿಕಾರ’ದ ಮೇಲೆ. ಕನ್ನಡಕ್ಕೆ ಅಭಿವೃದ್ಧಿ ಪ್ರಾಧಿಕಾರ, ಪುಸ್ತಕಕ್ಕೆ ಪ್ರಾಧಿಕಾರ, ಮೈಸೂರಿನ ದಸರಾ ಮೈದಾನಕ್ಕೆ ವಸ್ತುಪ್ರದರ್ಶನ ಪ್ರಾಧಿಕಾರ, ಹತ್ತು ಕಿಲೋಮೀಟರ್ ಆಚೆಯ ಲಕ್ಕುಂಡಿಗೂ ಒಂದು ಪ್ರಾಧಿಕಾರ. ಈ ಪದವನ್ನು ಎಷ್ಟು ಬಳಸಿದ್ದೇವೆ ಎಂದರೆ ಅದರ ಅರ್ಥವನ್ನು ಕೇಳುವುದೇ ಬಿಟ್ಟಿದ್ದೇವೆ. ಅಧಿಕಾರಕ್ಕೆ ‘ಪ್ರ’ ಸೇರಿದರೆ ಏನಾಗುತ್ತದೆ? ನನಗೆ ಕಂಡಂತೆ, ಆ ಅಧಿಕಾರ ಯಾರದು ಎಂಬುದು ಮರೆಯಾಗುತ್ತದೆ.

ಇದನ್ನು ಹೇಳಲು ನನಗೆ ಇನ್ನೊಂದು ಶಾಸನ ಬೇಕು. ಅದು ದೂರದ್ದಲ್ಲ, ಗದಗಿನಿಂದ 40 ಕಿಲೋಮೀಟರ್ ಆಸುಪಾಸಿನ ಲಕ್ಷ್ಮೇಶ್ವರದ್ದು. ಅಲ್ಲಿಯ ಒಂದು ಕಂಬದ ಮೇಲಿನ ಬರಹವನ್ನು ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಸಂಪಾದಿಸಿದ್ದಾನೆ. ಕಾಲ ಸುಮಾರು ಕ್ರಿ.ಶ. 725. ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಆಗಿನ್ನೂ ಯುವರಾಜ. ಪೊರಿಗೆರೆಯ (ನಾವು ಪುಲಿಗೆರೆ ಎನ್ನುವ ಊರಿನ, ಕವಿರಾಜಮಾರ್ಗಕಾರನೂ ಪಂಪನೂ ತಿರುಳ್ಗನ್ನಡದ ನೆಲೆ ಎಂದು ಮನ್ನಿಸಿದ ಅದೇ ಊರಿನ) ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಅವನು ಒಂದು ಆಚಾರವ್ಯವಸ್ಥೆಯನ್ನು ಬರೆದುಕೊಟ್ಟ. ಅಂದರೆ ಒಂದು ಪೇಟೆ ಊರಿಗೆ ರಾಜ್ಯ ಕೊಟ್ಟ ಕಟ್ಟಳೆ. ಇಂದಿನ ವಿಧೇಯಕಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಕ್ಕಲಾರದು.

ಆ ಕಂಬದಲ್ಲಿ ಏನಿದೆ? ರಾಜಪುರುಷರು ಏನೇನನ್ನು ಕಾಯಬೇಕು ಎಂಬ ಪಟ್ಟಿ ಮೊದಲಿಗಿದೆ: ಒಕ್ಕಲಿಲ್ಲದ ಮನೆಗಳು, ಅರಸನ ದತ್ತಿ, ಸಜ್ಜನರ ಸಾಕ್ಷ್ಯ, ತಾಮ್ರಶಾಸನ, ಅನುಭೋಗದಲ್ಲಿ ನಡೆದುಬಂದ ಸ್ವತ್ತು. ಆಮೇಲೆ ಯಾರು ಎಷ್ಟು ಕೊಡಬೇಕು ಎಂಬ ಲೆಕ್ಕ. ವೈಶಾಖದಲ್ಲಿ ತೆರಿಗೆ, ಅನುಕೂಲಸ್ಥ ಮನೆಗೆ 10 ಪಣ, ಮಧ್ಯಮಕ್ಕೆ 7, ಅದಕ್ಕಿಂತ ಕೆಳಗಿನದಕ್ಕೆ 5, ತೀರ ಕೆಳಗಿನದಕ್ಕೆ 3. ಕಳವು ಮುಂತಾದ ಅಪರಾಧಗಳ ದಂಡ ಅಲ್ಲಿಯ ಶ್ರೇಣಿಗೆ, ಅಂದರೆ ಕಸುಬಿನವರ ಸಂಘಕ್ಕೆ ಸಲ್ಲಬೇಕು. ಕಂಚುಗಾರರ ಸೇಣಿಯ ಹೆಸರೂ ಅಲ್ಲಿ ಬರುತ್ತದೆ.

ಕಂಚುಗಾರರು! ಯುವರಾಜನ ಪಕ್ಕದಲ್ಲಿ, ಅದೇ ಕಲ್ಲಿನಲ್ಲಿ, ಕಂಚು ಬಡಿಯುವವರ ಸಂಘ ನಿಂತಿದೆ. ನನಗೆ ಈ ಗದ್ಯದ ಸೊಗಸು ಇರುವುದು ಇಲ್ಲಿ. ಅಲಂಕಾರವಿಲ್ಲ, ವರ್ಣನೆಯಿಲ್ಲ, ಯುವರಾಜನಿಗೂ ಹೆಚ್ಚಿನ ಬಿರುದಿನ ಭಾರವಿಲ್ಲ. ಆದರೆ ಕೊಡುವವನು ಯಾರು, ಪಡೆಯುವವರು ಯಾರು, ತೆರುವವರು ಯಾರು, ಹಣ ಯಾವ ಕೈಗೆ ಹೋಗುತ್ತದೆ, ಯಾವ ತಿಂಗಳಲ್ಲಿ ಹೋಗುತ್ತದೆ, ಎಲ್ಲಕ್ಕೂ ನಾಮಪದವಿದೆ. ನಮ್ಮ ಕಾಲದ ಪ್ರಾಧಿಕಾರ ಕಾಯ್ದೆಗಳ ಗದ್ಯ ಇದಕ್ಕೆ ತಿರುಗಾಮುರುಗ. ಅಲ್ಲಿ ‘ಮಾಡತಕ್ಕದ್ದು’, ‘ನಿಯಮಿಸಬಹುದಾದಂಥ’, ‘ಕಾಲಕಾಲಕ್ಕೆ ಅಧಿಸೂಚಿಸಬಹುದಾದಂಥ’ ಎಂದು ಕ್ರಿಯಾಪದಗಳು ಸಾಲುಸಾಲಾಗಿ ಬರುತ್ತವೆ. ಅಧ್ಯಕ್ಷರು, ಪದನಿಮಿತ್ತ ಸದಸ್ಯರು, ಆಯುಕ್ತರು ಎಂದು ಹುದ್ದೆಗಳು ಬರುತ್ತವೆ. ಕಸುಬಿನ ಹೆಸರು ಬರುವುದಿಲ್ಲ. ಬೆಟಗೇರಿಯ ನೇಕಾರ, ಪೇಟೆಯ ಹಮಾಲ, ತೆರವಿನಲ್ಲಿ ಅಂಗಡಿ ಕಳೆದುಕೊಂಡ ಚಿಲ್ಲರೆ ವ್ಯಾಪಾರಿ ಇವರೆಲ್ಲ ‘ಸಾರ್ವಜನಿಕರು’ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತಾರೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನಲಾರೆ. ‘ಹದಿನೆಂಟು ಪ್ರಕೃತಿ’ ಎಂದರೂ ಆ ಪಟ್ಟಿಯ ಹೊರಗೆ ಎಷ್ಟು ಜನ ಇದ್ದರು ಎಂಬುದು ಕಲ್ಲಿಗೆ ಬೇಡವಾದ ವಿಷಯ. ಹೆಂಗಸರು ಅದರಲ್ಲಿ ಇಲ್ಲವೇ ಇಲ್ಲ. ಮುಂಡರಗಿ ತಾಲೂಕಿನ ಡಂಬಳದ ಶಾಸನವನ್ನೂ ನೋಡಿ. ಆರನೆಯ ವಿಕ್ರಮಾದಿತ್ಯನ ಕಾಲದ್ದು, ಕ್ರಿ.ಶ. 1095ರದು. ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಕಟ್ಟಿಸಿದ ತಾರಾದೇವಿಯ ವಿಹಾರ ಅದರಲ್ಲಿ ಬರುತ್ತವೆ. ಕನ್ನಡ ನಾಡಿನಲ್ಲಿ ಬೌದ್ಧ ಧರ್ಮ ಬತ್ತಿಹೋಗುತ್ತಿದ್ದ ಹೊತ್ತಿನಲ್ಲಿ ಅದನ್ನು ಹಿಡಿದು ನಿಲ್ಲಿಸಿದವರು ವರ್ತಕರು ಎಂದು ಹೆಮ್ಮೆಪಡಬಹುದು. ಆದರೆ ವಿಹಾರ ಕಟ್ಟಿದ ಕೆಲಸಗಾರರಲ್ಲಿ ಒಬ್ಬನ ಹೆಸರೂ ನಮಗೆ ಅದರಿಂದ ಸಿಗುವುದಿಲ್ಲ. ಹಣ ಕೊಟ್ಟವನ ಹೆಸರು ಉಳಿಯುವುದು ಕಲ್ಲಿನ ಕಾಲದಲ್ಲೂ ಇತ್ತು, ಫ್ಲೆಕ್ಸಿನ ಕಾಲದಲ್ಲೂ ಇದೆ.

ಆದರೂ ಒಂದು ವ್ಯತ್ಯಾಸವನ್ನು ನಾನು ಬಿಟ್ಟುಕೊಡಲಾರೆ. ಅದು ಇರುವುದು ಕೊನೆಯಲ್ಲಿ. ದಾನಶಾಸನದ ಕೊನೆಗೆ ಶಾಪಾಶಯ ಬರುತ್ತದೆ: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಬಗೆಯ ಮಾತು. ನಾವು ಅದನ್ನು ಪದ್ಧತಿಯ ಮಾತು ಎಂದು ದಾಟಿಬಿಡುತ್ತೇವೆ. ಯಾರಿಗೆ ಅದು ಶಾಪ? ಕಳ್ಳನಿಗಲ್ಲ, ಕಳ್ಳನಿಗೆ ದಂಡವಿದೆ. ಶಾಪ ಇರುವುದು ಮುಂದೆ ಬರುವ ಅರಸನಿಗೆ, ಅಧಿಕಾರಿಗೆ, ತನ್ನದೇ ವಂಶದವನಿಗೆ. ತಾನು ಬರೆದದ್ದನ್ನು ಅಳಿಸುವ ಶಕ್ತಿ ಇರುವುದು ತನ್ನ ಕುರ್ಚಿಗೇ ಎಂಬುದು ಬರೆಸಿದವನಿಗೆ ಗೊತ್ತಿತ್ತು. ಇಂದಿನ ಪ್ರಾಧಿಕಾರ ಕಾಯ್ದೆಗಳ ಕೊನೆಯ ಪ್ರಕರಣಗಳನ್ನು ತೆರೆದು ನೋಡಿ. ಸಾಮಾನ್ಯವಾಗಿ ಅಲ್ಲಿ ‘ಸದ್ಭಾವನೆಯಿಂದ ಕೈಗೊಂಡ ಕ್ರಮಕ್ಕೆ ರಕ್ಷಣೆ’ ಇರುತ್ತದೆ, ನಿರ್ದೇಶನ ಕೊಡುವ ಸರ್ಕಾರದ ಅಧಿಕಾರ ಇರುತ್ತದೆ, ‘ತೊಂದರೆಗಳನ್ನು ನಿವಾರಿಸುವ ಅಧಿಕಾರ’ ಇರುತ್ತದೆ. ಶಾಸನಗಳ ‘ಸರ್ವಬಾಧಾಪರಿಹಾರ’ ಊರಿನವರ ಬಾಧೆಯನ್ನು ಬಿಡಿಸಿತು. ಈ ತೊಂದರೆ ನಿವಾರಣೆ ಸರ್ಕಾರದ ತೊಂದರೆಯನ್ನು ಬಿಡಿಸುತ್ತದೆ. ಅಲ್ಲಿ ಬರೆಸಿದವನು ತನ್ನ ಕೈಯನ್ನೇ ಕಟ್ಟಿಕೊಂಡ, ಇಲ್ಲಿ ಕೈ ಸಡಿಲವಾಗಿ ಇಟ್ಟುಕೊಳ್ಳುತ್ತಾರೆ.

ಸರ್ಕಾರ ನೆಲದ ಮೇಲೆ ಗೆರೆ ಎಳೆದು ‘ಇದು ನಮ್ಮ ಸುಪರ್ದು’ ಎಂದರೆ ಸಾಕು, ನಮ್ಮಲ್ಲಿ ಕೆಲವರು ಬೆಚ್ಚಿ ಬೀಳುತ್ತಾರೆ. ಅವರ ಜೊತೆ ನಾನು ಸೇರಲಾರೆ, ಕಾರಣ ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಈ ಗುಡ್ಡಕ್ಕೆ ಸರ್ಕಾರದ ಗೆರೆ ಬೇಕೇ ಬೇಕು ಎಂದು ಬೀದಿಗೆ ಇಳಿದವರು ಜನರೇ. ಔಷಧಿ ಸಸ್ಯಗಳ ಗುಡ್ಡ ಎಂದು ಹಳ್ಳಿಯವರಿಗೆ ಗೊತ್ತು, ಬಂಗಾರದ ಅದಿರು ಇದೆ ಎಂದು ಗಣಿಯವರಿಗೆ ಗೊತ್ತು. 2015ರ ಡಿಸೆಂಬರಿನಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. 2016ರ ನವೆಂಬರಿನಲ್ಲಿ ಅದೇ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ರೈತರು, ಲೇಖಕರು, ವಿದ್ಯಾರ್ಥಿಗಳು ಧರಣಿ ಕೂತರು. 2017ರ ಏಪ್ರಿಲಿನಲ್ಲಿ ಮತ್ತೆ ಸಂರಕ್ಷಿತ ಪ್ರದೇಶವಾಯಿತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಆ ಹೊತ್ತಿಗೆ ಸ್ವಾಮಿಗಳು ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು.

ನಾಲ್ಕು ವರ್ಷದಲ್ಲಿ ನಾಲ್ಕು ಆದೇಶ. ಒಂದು ಹಾಳೆಯಲ್ಲಿ ಕೊಟ್ಟದ್ದನ್ನು ಇನ್ನೊಂದು ಹಾಳೆಯಲ್ಲಿ ಕಿತ್ತುಕೊಳ್ಳಬಹುದು ಎಂದು ಕಪ್ಪತಗುಡ್ಡ ತೋರಿಸಿತು; ಕಿತ್ತುಕೊಂಡದ್ದನ್ನು ಮರಳಿ ಪಡೆಯಬಹುದು ಎಂದೂ ತೋರಿಸಿತು. ಅಲ್ಲಿ ಗೆರೆ ಎಳೆದದ್ದು ಗಣಿಯಿಂದ ಗುಡ್ಡವನ್ನು ಕಾಯಲಿಕ್ಕೆ. ಇಲ್ಲಿ, ಊರ ನಡುವೆ, ಗೆರೆ ಎಳೆಯುತ್ತಿರುವುದು ಯಾರಿಂದ ಏನನ್ನು ಕಾಯಲಿಕ್ಕೆ? ಅತಿಕ್ರಮಣದಿಂದ ಎಂಬ ಉತ್ತರ ಬರುತ್ತದೆ, ಅದು ಸುಳ್ಳಲ್ಲ. ಲೀಸು ಮುಗಿದ ಸಾರ್ವಜನಿಕ ನೆಲದಲ್ಲಿ ತಲೆಮಾರುಗಟ್ಟಲೆ ಪುಡಿಗಾಸಿನ ಬಾಡಿಗೆಗೆ ಕೂತವರ ಪರ ನನ್ನ ಹತ್ತಿರ ವಾದವಿಲ್ಲ. ಹಾಳು ಬಿದ್ದ ಜಾಗ ಹಾಗೆಯೇ ಬಿದ್ದಿರಲಿ, ಅದರಲ್ಲೇ ಕಾವ್ಯವಿದೆ ಎನ್ನುವವರ ಪರವಂತೂ ಇಲ್ಲವೇ ಇಲ್ಲ. ಪೇಟೆಯ ಹೊಟ್ಟೆಯಲ್ಲಿ ಬಿದ್ದ ಬಯಲಿಗೆ ಬೆಳಕು, ಚರಂಡಿ, ನೆರಳು, ಒಂದು ಒಳ್ಳೆಯ ರಂಗಮಂದಿರ ಬೇಕು. ಆದರೆ ಅತಿಕ್ರಮಣದಿಂದ ಬಿಡಿಸಿಕೊಂಡ ನೆಲ ನಗರಸಭೆಯದು. ಓಣಿಯವರು ಓಟು ಹಾಕಿ ಕಳಿಸಿದ ಸದಸ್ಯ, ಅವನು ಎಷ್ಟೇ ಸೋಮಾರಿಯಾಗಿರಲಿ, ಸಂತೆಯ ದಿನ ಎದುರಿಗೆ ಸಿಗುತ್ತಾನೆ. ಅವನನ್ನು ನಿಲ್ಲಿಸಿ ಬೈಯಬಹುದು. ಪ್ರಾಧಿಕಾರದ ಪದನಿಮಿತ್ತ ಸದಸ್ಯ ವರ್ಗವಾಗಿ ಹೋಗುತ್ತಾನೆ. ಬೆಂಗಳೂರಿನಿಂದ ಬರುವ ನಿರ್ದೇಶನಕ್ಕೆ ಓಣಿಯೇ ಇಲ್ಲ.

‘ಸಂಸ್ಕೃತಿ’ ಎಂಬ ನಡುವಿನ ಪದಕ್ಕೆ ನಿಜವಾದ ಪರೀಕ್ಷೆ ಬಾಡಿಗೆಯ ಚೀಟಿಯಲ್ಲಿ ಆಗುತ್ತದೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ. ಅವುಗಳ ದಿನದ ಬಾಡಿಗೆ, ಅದಕ್ಕೆ ಜೋಡಿಸಿದ ಠೇವಣಿ, ದೀಪದ ಲೆಕ್ಕ, ಜನರೇಟರಿನ ಲೆಕ್ಕ ಕೂಡಿಸಿದರೆ ಕಾಲೇಜು ಹುಡುಗರ ತಂಡ ಶಾಲೆಯ ಅಂಗಳಕ್ಕೆ ಮರಳುತ್ತದೆ. ನಾನೂ ಒಂದು ಊರಿನಲ್ಲಿ ನಾಟಕವೊಂದರ ಸಲುವಾಗಿ ಅಂಥ ಕಚೇರಿಯ ಮೆಟ್ಟಿಲು ಹತ್ತಿದವನೇ. ಅಲ್ಲಿಯ ಗುಮಾಸ್ತರು ಬಹಳ ಮರ್ಯಾದೆಯಿಂದ ದರಪಟ್ಟಿ ತೋರಿಸಿದರು. ಮದುವೆಗೂ ನಾಟಕಕ್ಕೂ ಒಂದೇ ದರ. ಕಡೆಗೆ ಆ ನಾಟಕ ಹುಣಸೀಗಿಡದ ಕೆಳಗೆ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಕಟ್ಟಡ ಕಟ್ಟಿದ ಉದ್ದೇಶ ಅದಾಗಿರಲಿಲ್ಲ.

ಪುಲಿಗೆರೆಯ ಕಂಬದ 10, 7, 5, 3 ನನಗೆ ನೆನಪಾಗುವುದು ಇಲ್ಲಿಯೇ. ಹದಿಮೂರು ಶತಮಾನಗಳ ಹಿಂದೆ ಒಂದು ಪೇಟೆಯ ಕಟ್ಟಳೆ ಬರೆದವರು ಎಲ್ಲ ಮನೆಗೂ ಒಂದೇ ದರ ಹಾಕಲಿಲ್ಲ. ವಖಾರ ಸಾಲಿನ ಮೇಲೆ ಏಳುವ ಸಭಾಂಗಣಕ್ಕೆ, ಮಳಿಗೆಗೆ, ಪ್ರದರ್ಶನದ ಅಂಗಳಕ್ಕೆ ಇಂಥದೊಂದು ಮೆಟ್ಟಿಲು ದರವನ್ನು ಕಾಯ್ದೆಯ ಒಡಲಿನಲ್ಲಿಯೇ ಬರೆಯಬಹುದು. ಮುಂದೆ ಯಾವಾಗಲೋ ಹೊರಡಿಸುವ ನಿಯಮಕ್ಕೆ ಅದನ್ನು ಬಿಡಬಾರದು. ಹುಬ್ಬಳ್ಳಿಯ ಜವಳಿ ಮಳಿಗೆಗೆ ಒಂದು ದರ. ಬೆಟಗೇರಿಯ ನೇಕಾರರ ಸಂಘಕ್ಕೆ, ಲಕ್ಷ್ಮೇಶ್ವರದಿಂದ ಬರುವ ಭಜನಾ ಮೇಳಕ್ಕೆ, ಶಿರಹಟ್ಟಿಯ ಹುಡುಗಿಯರ ಡೊಳ್ಳಿನ ತಂಡಕ್ಕೆ ಇನ್ನೊಂದು. ಬಂದ ಬಾಡಿಗೆಯಲ್ಲಿ ನಗರಸಭೆಯ ಪಾಲು ಎಷ್ಟು ಎಂಬುದೂ ಅಂಕಿಯಲ್ಲಿಯೇ ಇರಬೇಕು, ಅಕ್ಷರದ ಆಶ್ವಾಸನೆಯಲ್ಲಿ ಅಲ್ಲ.

‘ವಸ್ತುಪ್ರದರ್ಶನ’ದ ಬಗ್ಗೆಯೂ ನಾಲ್ಕು ಮಾತು. ಮೈಸೂರಿನ ಮಾದರಿ ಕಣ್ಣ ಮುಂದಿರಬಹುದು. ಆದರೆ ಅರಮನೆ ಊರಿನ ಪ್ರದರ್ಶನ ಬೇರೆ, ಜಾತ್ರೆ ಊರುಗಳ ಪ್ರದರ್ಶನ ಬೇರೆ. ಈ ನಾಲ್ಕು ತಾಲೂಕುಗಳಿಗೆ ತಮ್ಮದೇ ಆದ ನೋಡುವ ಪದ್ಧತಿ ಇದೆ: ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾದ ಉರುಸು, ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆ. ಅಲ್ಲಿ ಕೊಳ್ಳುವವರೂ ಇದ್ದಾರೆ, ಕೈಮುಗಿಯುವವರೂ ಇದ್ದಾರೆ, ಸುಮ್ಮನೆ ಬತ್ತಾಸು ತಿಂದು ಬರುವವರೂ ಇದ್ದಾರೆ. ಪ್ರವೇಶಕ್ಕೆ ಟಿಕೆಟ್ಟಿಲ್ಲ. ಬೇಲಿ ಹಾಕಿ ಟಿಕೆಟ್ಟಿಟ್ಟ ಕೂಡಲೇ ಈ ಮೂರನೆಯವನು ಹೊರಗುಳಿಯುತ್ತಾನೆ, ಪೇಟೆಗೆ ರಾತ್ರಿಯ ಹೊತ್ತು ಕಳೆ ಬರುವುದು ಅವನಿಂದಲೇ.

ಇನ್ನು ಹೆಸರಿನ ವಿಷಯ. ವಿಧೇಯಕದ ಉದ್ದನೆಯ ಹೆಸರನ್ನು ಆಟೋದವನಿಗೆ ಯಾರೂ ಹೇಳುವುದಿಲ್ಲ. ‘ವಖಾರ ಸಾಲಿಗೆ ನಡೀರಿ’ ಎಂದೇ ಹೇಳುತ್ತಾರೆ, ಒಂದೂ ವಖಾರ ಉಳಿಯದಿದ್ದರೂ. ಕಲ್ಲಿನ ಶಾಸನಗಳಲ್ಲಿ ನೆಲದ ಎಲ್ಲೆಯನ್ನು ಹೇಳುವ ಭಾಗ ನನಗೆ ಯಾವಾಗಲೂ ಇಷ್ಟ: ಮೂಡಲಿಗೆ ಈ ಕೆರೆ, ತೆಂಕಲಿಗೆ ಈ ಹುಣಸೆ, ಬಡಗಲಿಗೆ ಈ ಹುತ್ತ. ಹುಣಸೆ ಬಿದ್ದುಹೋಗಿ, ಕೆರೆ ಹೂಳು ತುಂಬಿ ಎಷ್ಟೋ ಕಾಲವಾದರೂ ಓದುವವನಿಗೆ ಆ ನೆಲ ಕಣ್ಣಿಗೆ ಕಟ್ಟುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಎಲ್ಲೆ ಸರ್ವೆ ನಂಬರಾಗಿ ಬರುತ್ತದೆ, ಬರಬೇಕಾದದ್ದೇ. ಅದರ ಪಕ್ಕದ ಕಂಕಣದಲ್ಲಿ 54 ವಖಾರಗಳ ಹೆಸರನ್ನೂ, ಯಾವುದರಲ್ಲಿ ಯಾರ ಅಡತಿ ಇತ್ತು, ಎಲ್ಲಿ ಜೀನು ತಿರುಗುತ್ತಿತ್ತು, ಎಲ್ಲಿ ಹಮಾಲರು ಊಟಕ್ಕೆ ಕೂರುತ್ತಿದ್ದರು ಎಂಬುದನ್ನೂ ಬರೆಯಲು ಒಂದೆರಡು ಪುಟ ಸಾಕು. ಅದನ್ನು ಹೇಳಬಲ್ಲ ಮುದುಕರು ಬೆಟಗೇರಿಯ ಕಟ್ಟೆಗಳ ಮೇಲೆ ಇನ್ನೂ ಇದ್ದಾರೆ. ಗದಗಿನ ಕಾಲೇಜುಗಳಲ್ಲಿ ಶಾಸನಶಾಸ್ತ್ರ ಓದುತ್ತಿರುವ ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸ ಇದು.